ಪಾನೀಯ ತ್ಯಾಗ: ಅಕ್ಷರವೂ ಅಭಿಪ್ರಾಯವೂ

ವ್ರತವು ಬಿಡುವ ವಸ್ತುವಿನಲ್ಲಿದೆಯೋ, ಬಿಡುವ ಮನಸ್ಸಿನಲ್ಲಿದೆಯೋ ಎಂಬ ಪ್ರಶ್ನೆ ಹೊಸದಲ್ಲ. ಅದು ಶಾಸ್ತ್ರಸಭೆಯಲ್ಲಿ ಮಾತ್ರ ಏಳುವ ಪ್ರಶ್ನೆಯೂ ಅಲ್ಲ. ಪ್ರತಿವರ್ಷ ದಶಲಕ್ಷಣ ಪರ್ವವು ಸಮೀಪಿಸಿದಾಗ ನಮ್ಮ ಅಡಿಗೆಮನೆಗಳಲ್ಲಿಯೇ ಅದು ತಲೆಯೆತ್ತುತ್ತದೆ. “ನಾಳೆ ಏಕಾಶನ, ಬೆಳಿಗ್ಗೆ ಅರ್ಧ ಲೋಟ ಕಾಫಿ ಕುಡಿದರೆ ದೋಷವೇ?” ಎಂದು ಒಬ್ಬರು ಕೇಳುತ್ತಾರೆ. “ರಾತ್ರಿ ಊಟವನ್ನಂತೂ ಬಿಟ್ಟಿದ್ದೇವೆ, ಚಹವೆಂದರೆ ನೀರು ತಾನೆ?” ಎಂದು ಮತ್ತೊಬ್ಬರು ಸಮಾಧಾನ ಹೇಳಿಕೊಳ್ಳುತ್ತಾರೆ. ಇಂತಹ ಪ್ರಶ್ನೆಗಳಿಗೆ ಹೌದು ಅಥವಾ ಅಲ್ಲ ಎಂದು ಉತ್ತರ ಕೊಡುವುದು ಸುಲಭ. ಆದರೆ ಪ್ರಶ್ನೆಯು ಏಕೆ ಹುಟ್ಟಿತೆಂಬುದನ್ನು ವಿಚಾರಿಸುವುದು ಹೆಚ್ಚು ಪ್ರಯೋಜನಕರ.

ನಮ್ಮ ಮುಖದ ಕಲೆ ನಮಗೆ ಕಾಣುವುದಿಲ್ಲ. ಅದಕ್ಕೆ ಕನ್ನಡಿ ಬೇಕು. ಪಾನೀಯದ ವಿಷಯದಲ್ಲಿ ಅಂತಹ ಒಂದು ಕನ್ನಡಿಯಾಗಿ, ದೂರದ ಅಮೆರಿಕದ ಒಂದು ಕ್ರೈಸ್ತ ಸಮುದಾಯದ ನಿಯಮವನ್ನು ಇಲ್ಲಿ ಪರಿಶೀಲಿಸಲು ಬಯಸುತ್ತೇನೆ. ಲೋಕದಲ್ಲಿ ಅವರು ಮಾರ್ಮನ್ನರೆಂದು ಪ್ರಸಿದ್ಧರು. ತಮ್ಮನ್ನು ಈ ಅಡ್ಡಹೆಸರಿನಿಂದಲ್ಲದೆ, ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’ ಎಂಬ ಪೂರ್ಣನಾಮದಿಂದ ಕರೆಯಬೇಕೆಂದು ಅವರ ಅಧ್ಯಕ್ಷರು ೨೦೧೮ರಲ್ಲಿ ಕೋರಿದರು. ಈ ಲೇಖನದಲ್ಲಿ ಸಂಕ್ಷೇಪಕ್ಕಾಗಿ ‘ಆ ಸಭೆ’ ಎನ್ನುತ್ತೇನೆ. ೧೮೩೦ರಲ್ಲಿ ಜೋಸೆಫ್ ಸ್ಮಿತ್ ಎಂಬವರು ನ್ಯೂಯಾರ್ಕ್ ಪ್ರಾಂತದಲ್ಲಿ ಸ್ಥಾಪಿಸಿದ ಆ ಸಭೆಯ ಕೇಂದ್ರವು ಇಂದು ಯೂಟಾ ರಾಜ್ಯದ ಸಾಲ್ಟ್ ಲೇಕ್ ನಗರದಲ್ಲಿದೆ. ಅನುಯಾಯಿಗಳ ಸಂಖ್ಯೆ ಒಂದೂ ಮುಕ್ಕಾಲು ಕೋಟಿಯ ಸಮೀಪದಲ್ಲಿದೆ. ನಮ್ಮ ಬೆಂಗಳೂರಿನಲ್ಲಿಯೂ ಒಂದು ದೇವಾಲಯವನ್ನು ಕಟ್ಟುವುದಾಗಿ ಆ ಸಭೆಯವರು ೨೦೧೮ರಲ್ಲಿ ಪ್ರಕಟಿಸಿದ್ದುದರಿಂದ, ಅವರು ನಮಗೆ ತೀರ ಅಪರಿಚಿತರೆಂದೂ ಹೇಳುವಂತಿಲ್ಲ.

ಅವರ ಪಾನೀಯ ನಿಯಮದ ಮೂಲವು ೧೮೩೩ನೆಯ ಇಸವಿ ಫೆಬ್ರವರಿ ೨೭ರಂದು ಒಹಾಯೊ ಪ್ರಾಂತದ ಕರ್ಟ್‌ಲೆಂಡ್ ಎಂಬ ಊರಿನಲ್ಲಿದೆ. ಅಲ್ಲಿ ಒಂದು ಅಂಗಡಿಯ ಮೇಲಂತಸ್ತಿನ ಚಿಕ್ಕ ಕೋಣೆಯಲ್ಲಿ ಧರ್ಮಪಾಠ ನಡೆಯುತ್ತಿತ್ತು. ಪಾಠಕ್ಕೆ ಕುಳಿತವರು ಹೊಗೆಸೊಪ್ಪು ಸೇದುತ್ತ, ಅಗಿಯುತ್ತ, ನೆಲದ ಮೇಲೆಲ್ಲ ಉಗುಳುತ್ತಿದ್ದರು. ಆ ನೆಲವನ್ನು ತೊಳೆಯಬೇಕಾದವರು ಜೋಸೆಫರ ಪತ್ನಿ ಎಮ್ಮಾ. ಆಕೆಯ ಬೇಸರವೂ, ಹೊಗೆ ತುಂಬಿದ ಕೋಣೆಯಲ್ಲಿ ಪಾಠ ಹೇಳಬೇಕಾದ ಜೋಸೆಫರ ಅಸಮಾಧಾನವೂ ಸೇರಿ, ಇದು ಯುಕ್ತವೇ ಎಂಬ ವಿಚಾರ ಹುಟ್ಟಿತೆಂದು, ಮುಂದೆ ಆ ಸಭೆಯ ಅಧ್ಯಕ್ಷರಾದ ಬ್ರಿಗಮ್ ಯಂಗ್ ೧೮೬೮ರಲ್ಲಿ ನೆನಪಿಸಿಕೊಂಡರು. ಒಂದು ಮನೆಯ ನೆಲ ತೊಳೆಯುವ ಹೆಂಗಸಿನ ಶ್ರಮದಿಂದ ಒಂದು ಧರ್ಮನಿಯಮಕ್ಕೆ ಪೀಠಿಕೆಯಾಯಿತೆಂಬುದು ಗಮನಾರ್ಹ. ಜೋಸೆಫರು ದೈವಪ್ರೇರಣೆಯೆಂದು ಪ್ರಕಟಿಸಿದ ಆ ವಚನಕ್ಕೆ ‘ವಿವೇಕವಾಣಿ’ ಎಂಬರ್ಥದ ಹೆಸರು ಬಂದಿತು.

ಅದರಲ್ಲಿ ಹೇಳಿದ ವಿಷಯಗಳು ಹೀಗಿವೆ. ಮದ್ಯವೂ ಬಲವಾದ ಮಾದಕ ಪಾನಗಳೂ ಒಳ್ಳೆಯದಲ್ಲ. ಹೊಗೆಸೊಪ್ಪು ಮನುಷ್ಯನ ಶರೀರಕ್ಕಲ್ಲ. ಗಾಯಗಳಿಗೂ ರೋಗಗ್ರಸ್ತ ದನಗಳಿಗೂ ಮದ್ದಾಗಿ ಬಳಸಬಹುದು. ಬಿಸಿಪಾನೀಯಗಳು ದೇಹಕ್ಕೆ ಹಿತವಲ್ಲ. ಧಾನ್ಯ, ಸೊಪ್ಪು, ಆಯಾ ಋತುವಿನ ಹಣ್ಣುಗಳು ಹಿತವಾದುವು. ಮಾಂಸವನ್ನು ಬಹು ಮಿತವಾಗಿ, ಚಳಿಗಾಲ ಅಥವಾ ಕ್ಷಾಮದ ಸಮಯಗಳಲ್ಲಿ ಮಾತ್ರ ಬಳಸುವುದು ದೇವರಿಗೆ ಪ್ರಿಯ. ಹೀಗೆ ನಡೆದವರಿಗೆ ಆರೋಗ್ಯ, ಬಲ, ಜ್ಞಾನಗಳ ಫಲವುಂಟು. ಮುಖ್ಯವಾದ ಸಂಗತಿಯೆಂದರೆ, ಈ ವಚನವನ್ನು ಆಜ್ಞೆಯಾಗಿ ಕೊಡಲಿಲ್ಲ. ಹಿತೋಪದೇಶವಾಗಿ, ಅನುಯಾಯಿಗಳಲ್ಲಿ ಅತಿ ದುರ್ಬಲನಾದವನ ಶಕ್ತಿಗೂ ಹೊಂದುವಂತೆ ಕೊಡಲಾಯಿತು. ಷೋಡಶಕಾರಣ ಭಾವನೆಗಳಲ್ಲಿ ಬರುವ ಶಕ್ತಿತಸ್ತ್ಯಾಗವನ್ನು ಅರಿತ ನಮಗೆ ಈ ಮಾತು ಪರಿಚಿತವೆಂದೇ ತೋರುವುದು.

ಹಿತೋಪದೇಶವು ನಿಯಮವಾಗಲು ಸುಮಾರು ತೊಂಬತ್ತು ವರ್ಷಗಳು ಬೇಕಾದುವು. ‘ಬಿಸಿಪಾನೀಯ’ವೆಂದರೆ ಯಾವುದೆಂಬ ಸಂದೇಹ ಬಂದಾಗ, ಅದು ಚಹ ಮತ್ತು ಕಾಫಿಯೇ ಎಂದು ಜೋಸೆಫರ ಅಣ್ಣ ಹೈರಮ್ ಸ್ಮಿತ್ ೧೮೪೨ರಲ್ಲಿ ಸ್ಪಷ್ಟಪಡಿಸಿದರು. ಆದರೂ ೧೮೪೭ರಲ್ಲಿ ಯೂಟಾದ ಮರುಭೂಮಿಯನ್ನು ಸೇರಿದ ಆ ಜನರಲ್ಲಿ ಬಹಳ ಮಂದಿ ಬಹಳ ಕಾಲ ಚಹ ಕಾಫಿಗಳನ್ನು ಕುಡಿಯುತ್ತಲೇ ಇದ್ದರು. ೧೯೨೧ರ ಸುಮಾರಿಗೆ, ಹೀಬರ್ ಗ್ರಾಂಟ್ ಎಂಬವರ ಅಧ್ಯಕ್ಷತೆಯ ಕಾಲದಲ್ಲಿ, ಮದ್ಯ, ಹೊಗೆಸೊಪ್ಪು, ಚಹ, ಕಾಫಿಗಳನ್ನು ಬಿಟ್ಟವರಿಗೆ ಮಾತ್ರ ಅವರ ದೇವಾಲಯದ ಒಳಪ್ರವೇಶದ ಪತ್ರವೆಂಬುದು ಖಚಿತವಾಯಿತು. ಇಂದಿಗೂ ಆ ಪತ್ರವನ್ನು ನವೀಕರಿಸುವಾಗ, ವಿವೇಕವಾಣಿಯನ್ನು ಪಾಲಿಸುತ್ತಿರುವೆಯಾ ಎಂದು ಹಿರಿಯರು ಕೇಳುತ್ತಾರೆ. ಹೌದೆಂದೋ ಇಲ್ಲವೆಂದೋ ವ್ಯಕ್ತಿಯು ತಾನೇ ಹೇಳಬೇಕು. ಯಾರೂ ಅವನ ಅಡಿಗೆಮನೆಯನ್ನು ಶೋಧಿಸುವುದಿಲ್ಲ. ಗುರುಗಳ ಮುಂದೆ ಮಾಡುವ ಆಲೋಚನೆಯಲ್ಲಿಯೂ ದೋಷವನ್ನು ನುಡಿಯಬೇಕಾದವನು ಶ್ರಾವಕನೇ ಅಲ್ಲವೆ?

ಇಲ್ಲಿಂದ ಮುಂದೆ ಮನುಷ್ಯನ ಮನಸ್ಸಿನ ಚಮತ್ಕಾರ ಆರಂಭವಾಗುತ್ತದೆ. ಬಿಸಿ ಕಾಫಿಯನ್ನು ಬಿಟ್ಟ ನಾಲಗೆ ಬಿಸಿಯಾದ ಬೇರೊಂದನ್ನು ಅರಸಿತು. ೧೮೯೫ರಲ್ಲಿ ಅಮೆರಿಕದಲ್ಲಿ ಹುರಿದ ಗೋಧಿ, ತವುಡು, ಕಾಕಂಬಿಗಳಿಂದ ‘ಪೋಸ್ಟಮ್’ ಎಂಬ ಪುಡಿ ತಯಾರಾಯಿತು. ಕಾಫಿಯಂತೆಯೇ ಕಪ್ಪಗಿರುವ ಆ ಪೇಯವು ಆ ಸಭೆಯವರ ಅನೇಕ ಮನೆಗಳಲ್ಲಿ ಕಾಫಿಯ ಸ್ಥಾನದಲ್ಲಿ ಕುಳಿತುಕೊಂಡಿತು. ಬಿಸಿಯಾದ ಕೋಕೋ ನಿಷಿದ್ಧವಲ್ಲ. ಗಿಡಮೂಲಿಕೆಯ ಕಷಾಯವೂ ನಿಷಿದ್ಧವಲ್ಲ. ಅತ್ತ, ತಣ್ಣಗಿರುವ ಕೋಲಾ ಪಾನೀಯದ ವಿಷಯ ಏನು? ಅದು ಬಿಸಿಯಲ್ಲ, ಚಹವಲ್ಲ, ಕಾಫಿಯೂ ಅಲ್ಲ. ಆದರೆ ಕಾಫಿಯಲ್ಲಿರುವ ಕೆಫೀನ್ ಎಂಬ ಉತ್ತೇಜಕ ಪದಾರ್ಥ ಅದರಲ್ಲಿಯೂ ಇದೆ. ೨೪೦ ಮಿಲಿಲೀಟರಿನ ಒಂದು ದೊಡ್ಡ ಬಟ್ಟಲು ಕಾಫಿಯಲ್ಲಿ ಸುಮಾರು ೯೫ ಮಿಲಿಗ್ರಾಂ ಇದ್ದರೆ, ೩೫೫ ಮಿಲಿಲೀಟರಿನ ಕೋಲಾ ಡಬ್ಬಿಯಲ್ಲಿ ಸುಮಾರು ೩೪ ಮಿಲಿಗ್ರಾಂ ಇರುತ್ತದೆ.

ಈ ಕೋಲಾದ ಬಗ್ಗೆ ಅವರಲ್ಲಿ ದೀರ್ಘಕಾಲ ಭಿನ್ನಮತವಿತ್ತು. ನಿಷೇಧದ ಕಾರಣ ಕೆಫೀನೇ ಆಗಿರಬೇಕೆಂದು ಭಾವಿಸಿ ಕೋಲಾವನ್ನೂ ಬಿಟ್ಟ ಕುಟುಂಬಗಳು ಅನೇಕವಿದ್ದುವು. ಅಕ್ಷರದಲ್ಲಿ ಇಲ್ಲದುದನ್ನು ಏಕೆ ಬಿಡಬೇಕೆಂದು ಕುಡಿದವರೂ ಇದ್ದರು. ೧೯೭೨ರಲ್ಲಿ ಸಭೆಯ ಹಿರಿಯರು, ಕೋಲಾದ ಕುರಿತು ಅಧಿಕೃತ ನಿರ್ಣಯವಿಲ್ಲವೆಂದೂ, ಚಟ ಹಿಡಿಸುವ ಹಾನಿಕರ ಪದಾರ್ಥಗಳಿರುವ ಪಾನೀಯಗಳನ್ನು ಬಳಸದಿರುವಂತೆ ತಾವು ಬುದ್ಧಿ ಹೇಳುತ್ತ ಬಂದಿರುವುದಾಗಿಯೂ ತಿಳಿಸಿದರು. ೨೦೧೨ರಲ್ಲಿ, ಕೆಫೀನ್ ನಿಷಿದ್ಧವೆಂದು ನಿಯಮದಲ್ಲಿ ಎಲ್ಲಿಯೂ ಹೇಳಿಲ್ಲವೆಂಬ ಸ್ಪಷ್ಟನೆ ಬಂದಿತು. ೨೦೧೭ರಲ್ಲಿ ಅವರ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಆವರಣದಲ್ಲಿಯೂ ಕೆಫೀನ್‌ಯುಕ್ತ ಕೋಲಾದ ಮಾರಾಟ ಆರಂಭವಾಯಿತು. ೨೦೧೯ರಲ್ಲಿ ಯುವಕರ ಪತ್ರಿಕೆಯೊಂದರ ಮೂಲಕ, ಹಸಿರು ಚಹವೂ ಚಹವೇ, ತಣ್ಣಗೆ ಮಾಡಿದ ಕಾಫಿಯೂ ಕಾಫಿಯೇ, ಹೆಸರು ಬದಲಾಯಿಸಿ ಮಾರಿದ ಮಾತ್ರಕ್ಕೆ ವಸ್ತು ಬದಲಾಗುವುದಿಲ್ಲವೆಂದು ಎಚ್ಚರಿಸಬೇಕಾಯಿತು. ಈ ನಡುವೆ ಯೂಟಾದ ಪಟ್ಟಣಗಳಲ್ಲಿ ಸೋಡಾ ಅಂಗಡಿಗಳು ಹೆಚ್ಚಿದುವು. ಕೋಲಾಕ್ಕೆ ಕೆನೆ, ತೆಂಗಿನ ಪಾಕ, ಹಣ್ಣಿನ ಪಾಕಗಳನ್ನು ಬೆರೆಸಿದ ದೊಡ್ಡ ಲೋಟಗಳಿಗಾಗಿ ಜನರು ಅಲ್ಲಿ ಸಾಲುಗಟ್ಟುತ್ತಾರೆ. ಕಾಫಿಗೆ ಬಾಗಿಲು ಮುಚ್ಚಿದ ಊರಿನಲ್ಲಿ ಸಕ್ಕರೆಗೆ ಹೆಬ್ಬಾಗಿಲು ತೆರೆಯಿತು.

ಇದನ್ನು ಓದಿ ನಗುವ ಮನಸ್ಸಾಗಬಹುದು. ಆ ನಗೆಯನ್ನು ತಡೆಯುವುದು ಯುಕ್ತ. ಏಕೆಂದರೆ ಆ ನಿಯಮವು ಅಕ್ಷರಮಾತ್ರವಾಗಿ ಉಳಿದ ಕಡೆಯಲ್ಲಿಯೂ ದೊಡ್ಡ ಉಪಕಾರವನ್ನು ಮಾಡಿದೆ. ಮದ್ಯವೂ ಹೊಗೆಸೊಪ್ಪೂ ಲಕ್ಷಾಂತರ ಸಂಸಾರಗಳ ಹೊಸ್ತಿಲನ್ನು ದಾಟದಂತೆ ಅದು ಕಾದಿದೆ. ಸಹೋದ್ಯೋಗಿಗಳೆಲ್ಲರೂ ಕಾಫಿಯ ಬಟ್ಟಲು ಹಿಡಿದು ಕುಳಿತಿರುವಾಗ, ತನಗೆ ನೀರು ಸಾಕೆಂದು ಹೇಳುವ ಆ ಸಭೆಯ ಯುವಕನೊಬ್ಬನಿಗೆ ತಾನು ಯಾರೆಂಬ ಸ್ಮರಣೆ ದಿನಕ್ಕೆ ಎರಡು ಬಾರಿಯಾದರೂ ಆಗುತ್ತದೆ. ಸೂರ್ಯಾಸ್ತದ ನಂತರದ ಔತಣದಲ್ಲಿ ಎಲೆಯ ಮುಂದೆ ಕೂರದೆ ಎದ್ದುಬರುವ ನಮ್ಮ ಹುಡುಗನಿಗೂ ಆಗುವುದು ಅದೇ ಸ್ಮರಣೆ. ಬೇಲಿಯು ಬೆಳೆಯಲ್ಲ, ನಿಜ. ಆದರೆ ಬೇಲಿಯಿಲ್ಲದ ಹೊಲದಲ್ಲಿ ಬೆಳೆ ಉಳಿಯುವುದಿಲ್ಲ.

ಹಾಗಾದರೆ ಅವರ ನಿಯಮವೂ ನಮ್ಮದೂ ಒಂದೇ ಎನ್ನಬಹುದೆ? ಎನ್ನಲಾಗದು. ‘ಬಿಸಿ’ ಎಂಬ ಒಂದೇ ಮಾತನ್ನು ತೆಗೆದುಕೊಂಡರೂ ಭೇದವು ತಿಳಿಯುತ್ತದೆ. ಅವರಲ್ಲಿ ಪಾನೀಯವನ್ನು ತ್ಯಾಜ್ಯವೆಂದು ಗುರುತಿಸಿದ ಗುಣವೇ ಬಿಸಿ. ನಮ್ಮಲ್ಲಿ ಸೋಸಿದ ನೀರು ಎರಡು ಘಳಿಗೆಯವರೆಗೆ ಮಾತ್ರ ಯೋಗ್ಯ. ಚೆನ್ನಾಗಿ ಕುದಿಸಿದ ನೀರಾದರೋ ಎಂಟು ಪ್ರಹರಗಳವರೆಗೆ ಪ್ರಾಸುಕ. ಅಲ್ಲಿ ನಿಷೇಧಕ್ಕೆ ಗುರುತಾದ ಗುಣವೇ ಇಲ್ಲಿ ಯೋಗ್ಯತೆಗೆ ಕಾರಣ. ಅವರ ನಿಯಮದ ಬೇರು ದೇಹರಕ್ಷಣೆ ಮತ್ತು ದೈವವಚನದ ವಿಧೇಯತೆಯಲ್ಲಿದೆ. ನಮ್ಮದರ ಬೇರು ಜೀವದಯೆಯಲ್ಲಿ ಮತ್ತು ಪ್ರಮಾದದ ಪರಿಹಾರದಲ್ಲಿದೆ. ತ್ರಸಹಿಂಸೆಯನ್ನು ತಪ್ಪಿಸಲು ಮಧುಮಾಂಸಗಳನ್ನೂ, ಪ್ರಮಾದವನ್ನು ತಪ್ಪಿಸಲು ಮದ್ಯವನ್ನೂ ಬಿಡಬೇಕೆಂದು ಸ್ವಾಮಿ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕಾರಣಸಹಿತವಾಗಿಯೇ ಹೇಳಿದ್ದಾರೆ. ಮಾಂಸವನ್ನು ಮಿತಗೊಳಿಸಿದರೆ ಸಾಕೆಂಬಲ್ಲಿ ನಾವು ನಿಲ್ಲಲಾರೆವು. ಜೇನುಗೂಡನ್ನು ಶ್ರಮಜೀವನದ ಸಂಕೇತವಾಗಿ ರಾಜ್ಯಮುದ್ರೆಯಲ್ಲಿಯೇ ಇರಿಸಿಕೊಂಡ ಯೂಟಾದವರಿಗೆ, ಜೇನನ್ನು ಮದ್ಯಮಾಂಸಗಳ ಸಾಲಿನಲ್ಲಿ ಎಣಿಸುವ ನಮ್ಮ ಅಷ್ಟಮೂಲಗುಣಗಳು ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ. ಇನ್ನೊಂದು ಭೇದವೂ ಉಂಟು. ಆರೋಗ್ಯಬಲಗಳ ಫಲವನ್ನು ಮುಂದಿಟ್ಟು ಅವರಿಗೆ ನಿಯಮವನ್ನು ಹೇಳಲಾಯಿತು. ನಮ್ಮ ತತ್ತ್ವಾರ್ಥಸೂತ್ರವಾದರೋ ಶಲ್ಯರಹಿತನೇ ವ್ರತಿಯೆನ್ನುತ್ತದೆ. ಮಾಯೆ, ಮಿಥ್ಯಾತ್ವಗಳಂತೆ ಫಲಾಪೇಕ್ಷೆಯಾದ ನಿದಾನವೂ ಒಂದು ಶಲ್ಯ. ತೂಕ ಇಳಿಯಲೆಂದು, ಸಕ್ಕರೆ ಕಾಯಿಲೆ ಹಿಡಿತಕ್ಕೆ ಬರಲೆಂದು ಉಪವಾಸ ಮಾಡುವುದು ವೈದ್ಯಕ್ಕೆ ಸೇರಿದ ವಿಷಯ. ಅದು ತಪ್ಪಲ್ಲ, ಆದರೆ ತಪವೂ ಅಲ್ಲ.

ಭೇದಗಳನ್ನು ಎಣಿಸಿ ಸಂತೋಷಪಡುವುದಷ್ಟೇ ಉದ್ದೇಶವಾದರೆ ಈ ಲೇಖನ ಬೇಕಿರಲಿಲ್ಲ. ಕನ್ನಡಿಯನ್ನು ಈಗ ನಮ್ಮ ಕಡೆಗೆ ತಿರುಗಿಸೋಣ.

ಭೋಗೋಪಭೋಗ ಪರಿಮಾಣವನ್ನು ವಿವರಿಸುವ ಸಂದರ್ಭದಲ್ಲಿ ಸಮಂತಭದ್ರಾಚಾರ್ಯರು ಅತ್ಯಂತ ಸೂಕ್ಷ್ಮವಾದ ಒಂದು ಮಾತನ್ನು ಹೇಳುತ್ತಾರೆ. ಯೋಗ್ಯವಾದ ವಿಷಯದಿಂದಲೂ ಅಭಿಸಂಧಿಪೂರ್ವಕವಾಗಿ, ಎಂದರೆ ತಿಳಿದು ಸಂಕಲ್ಪಿಸಿ, ವಿರತನಾಗುವುದೇ ವ್ರತವೆಂಬುದು ಅದರ ತಾತ್ಪರ್ಯ. ಈ ಲಕ್ಷಣವನ್ನು ಹಿಡಿದು ನೋಡಿದರೆ ಎರಡು ಸಂಗತಿಗಳು ಹೊಳೆಯುತ್ತವೆ. ಒಂದು, ದೊರೆಯದೆ ಬಿಟ್ಟದ್ದೂ ರುಚಿಸದೆ ಬಿಟ್ಟದ್ದೂ ವ್ರತವಲ್ಲ. ಹುಟ್ಟಿನಿಂದ ಕಾಫಿ ಸೇರದವನು ಕಾಫಿ ಬಿಟ್ಟೆನೆಂದರೆ ಅವನು ಏನನ್ನೂ ಬಿಟ್ಟಂತಾಗಲಿಲ್ಲ. ಎರಡು, ತ್ಯಾಗಕ್ಕೆ ವಸ್ತುವು ಅಭಕ್ಷ್ಯವೇ ಆಗಿರಬೇಕೆಂದಿಲ್ಲ. ಕಾಫಿ ಮದ್ಯವಲ್ಲ, ನಮ್ಮ ಚಿಕ್ಕಮಗಳೂರು, ಕೊಡಗು, ಹಾಸನ ಜಿಲ್ಲೆಗಳ ಗುಡ್ಡಗಳ ಬೆಳೆ ಅದು. ಅದನ್ನು ಪಾಪವೆಂದು ಹಳಿಯಬೇಕಾಗಿಲ್ಲ. ಹಳಿಯದೆಯೇ, ದ್ವೇಷಿಸದೆಯೇ, ಕೈಗೆಟುಕುವಂತಿರುವಾಗಲೇ ಇಂದು ಬೇಡವೆನ್ನಬಲ್ಲ ಸ್ವಾತಂತ್ರ್ಯವೇ ವ್ರತದ ಸಾರ. ಕಾಲಾವಧಿಯಿಟ್ಟುಕೊಂಡರೆ ಅದು ನಿಯಮ, ಜೀವಾವಧಿಯಾದರೆ ಯಮ.

ಇಲ್ಲಿ ನನ್ನದೇ ಒಂದು ಸೋಲನ್ನು ಹೇಳುವುದು ಉಚಿತವೆನಿಸುತ್ತದೆ. ಒಂದು ಚಾತುರ್ಮಾಸದಲ್ಲಿ ಅಷ್ಟಮಿ ಚತುರ್ದಶಿಗಳಂದು ಕಾಫಿಯನ್ನು ಸೇವಿಸುವುದಿಲ್ಲವೆಂದು ನಿಯಮ ಮಾಡಿಕೊಂಡೆ. ಮೊದಲ ಅಷ್ಟಮಿಯ ಮಧ್ಯಾಹ್ನಕ್ಕೆ ತಲೆನೋವು ಆರಂಭವಾಯಿತು. ಕೆಫೀನಿಗೆ ಒಗ್ಗಿದ ದೇಹವು ಅದು ತಪ್ಪಿದ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಹೀಗೆ ಪ್ರತಿಭಟಿಸುವುದು ಸಹಜವೆಂದು ವೈದ್ಯರು ಹೇಳುತ್ತಾರೆ. ನಾನು ಜೀರಿಗೆ, ಕೊತ್ತಂಬರಿ, ಶುಂಠಿಗಳನ್ನು ಹಾಕಿ ಬೆಲ್ಲದ ಕಷಾಯ ಮಾಡಿಸಿಕೊಂಡೆ. ಅದು ಕಾಫಿಯ ಹೊತ್ತಿಗೇ ಬೇಕು, ಕಾಫಿಯ ಲೋಟದಲ್ಲಿಯೇ ಬೇಕು, ಕಾಫಿಯಷ್ಟೇ ಬಿಸಿಯಾಗಿ ಬೇಕು. ಮೂರನೆಯ ಚತುರ್ದಶಿಯಂದು ಅದು ಹತ್ತು ನಿಮಿಷ ತಡವಾದುದಕ್ಕೆ ಮನೆಯವರ ಮೇಲೆ ರೇಗಿದೆ. ನನ್ನ ಪತ್ನಿ ಲೋಟವನ್ನು ಮುಂದಿಟ್ಟು ಶಾಂತವಾಗಿಯೇ, “ಕಾಫಿಯನ್ನೇನೋ ಬಿಟ್ಟಿರಿ, ಕಷಾಯವನ್ನು ಬಿಡಲಿಲ್ಲವಲ್ಲ!” ಎಂದಳು. ಅವಳು ಲೋಟದೊಳಗಿನ ಕಷಾಯವನ್ನು ಹೇಳಿದಳೋ, ಕ್ರೋಧಾದಿ ನಾಲ್ಕು ಕಷಾಯಗಳನ್ನು ಹೇಳಿದಳೋ ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಅಂದು ಪೋಸ್ಟಮ್ ಪುಡಿಯ ಕಥೆಯೂ ಸೋಡಾ ಅಂಗಡಿಗಳ ಕಥೆಯೂ ದೂರದೇಶದ ಕಥೆಗಳಾಗಿ ಉಳಿಯಲಿಲ್ಲ. ನಿಯಮದ ಅಕ್ಷರವನ್ನು ನಾನು ಒಂದಿಷ್ಟೂ ಮುರಿದಿರಲಿಲ್ಲ. ಆದರೆ ಯಾವ ಅಧೀನತೆಯಿಂದ ಬಿಡಿಸಿಕೊಳ್ಳಲು ನಿಯಮವನ್ನು ಹಿಡಿದೆನೋ ಆ ಅಧೀನತೆ ಲೋಟವನ್ನೂ ಬದಲಾಯಿಸದೆ, ವಸ್ತುವನ್ನಷ್ಟೇ ಬದಲಾಯಿಸಿ ಅಲ್ಲಿಯೇ ಕುಳಿತಿತ್ತು. ಇದಕ್ಕೆ ಹೊಣೆ ಅಕ್ಷರದ್ದಲ್ಲ. ಅಭಿಸಂಧಿಯು ದುರ್ಬಲವಾದುದೇ ಕಾರಣ.

ಹೀಗೆಂದ ಕೂಡಲೆ ಇನ್ನೊಂದು ಅಪಾಯ ಎದುರಾಗುತ್ತದೆ. ಭಾವವೇ ಪ್ರಧಾನವಾದರೆ ವಸ್ತುವನ್ನು ಏಕೆ ಬಿಡಬೇಕು, ಮನಸ್ಸಿನಲ್ಲಿ ವಿರಕ್ತಿಯಿದ್ದರೆ ಸಾಲದೆ, ಎಂದು ನಮ್ಮ ವಿದ್ಯಾವಂತ ತರುಣರು ಕೇಳುತ್ತಾರೆ. ಪ್ರಶ್ನೆಯು ಪ್ರಾಮಾಣಿಕವಾದುದೇ. ಆದರೆ ವಿರಕ್ತಿಯಿದೆಯೋ ಇಲ್ಲವೋ ಎಂಬುದನ್ನು ತಿಳಿಯುವ ಬಗೆ ಯಾವುದು? ನಾನು ಕಾಫಿಯನ್ನು ಬಿಡದೆ ಇದ್ದಿದ್ದರೆ, ಅದರ ದಾಸನೆಂಬುದು ನನಗೆ ಎಂದಿಗೂ ತಿಳಿಯುತ್ತಿರಲಿಲ್ಲ. ಅಕ್ಷರವನ್ನು ಪಾಲಿಸಿದುದರಿಂದಲೇ ಅಭಿಪ್ರಾಯದ ಕೊರತೆ ಬಯಲಾಯಿತು. ವಸ್ತುತ್ಯಾಗವಿಲ್ಲದ ಭಾವತ್ಯಾಗವು ಪರೀಕ್ಷೆಗೆ ಕುಳಿತುಕೊಳ್ಳದ ವಿದ್ಯಾರ್ಥಿಯ ಪಾಂಡಿತ್ಯದಂತೆ. ಇದ್ದರೂ ಇರಬಹುದು, ನಂಬುವುದು ಹೇಗೆ?

ಆ ಸಭೆಯ ಇತಿಹಾಸದಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ಮೂಲವಚನದಲ್ಲಿ ಬಿಸಿಪಾನೀಯದ ಮಾತಿನಷ್ಟೇ ಸ್ಪಷ್ಟವಾಗಿ ಮಾಂಸಮಿತಿಯ ಮಾತೂ ಇತ್ತು. ಕಾಲಕ್ರಮದಲ್ಲಿ ಮೊದಲನೆಯದು ದೇವಾಲಯದ ಬಾಗಿಲಿನ ನಿಯಮವಾಗಿ ಗಟ್ಟಿಯಾಯಿತು. ಎರಡನೆಯದಕ್ಕೆ ಆ ಗಟ್ಟಿತನ ಬರಲಿಲ್ಲ. ಸಮುದಾಯಗಳು ಯಾವ ಭಾಗವನ್ನು ಎತ್ತಿ ಹಿಡಿಯುತ್ತವೆ, ಯಾವುದನ್ನು ಮೆಲ್ಲನೆ ಮರೆಯುತ್ತವೆ ಎಂಬುದು ಚಿಂತನೀಯ. ನಾವೂ ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿ, ನೀರು ಸೋಸುವ ಆಚಾರವನ್ನು ಉಳಿಸಿಕೊಂಡಿದ್ದೇವೆ. ಆದರೆ ಸೋಸಿದ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಗಳನ್ನು ನೀರು ಬಂದ ಬಾವಿಗೇ ಮೆಲ್ಲನೆ ಮರಳಿಸುವ ಜೀವಾನಿಯ ವಿಧಿ ಎಷ್ಟು ಮನೆಗಳಲ್ಲಿ ಉಳಿದಿದೆ? ಸೋಸುವುದು ನಮಗೆ ಶುದ್ಧಿಯಾಯಿತು, ಅವಕ್ಕೆ ರಕ್ಷಣೆಯಾಗಲಿಲ್ಲ. ಬಾವಿಯಿಲ್ಲದ ನಗರದಲ್ಲಿ ಅದು ಕಷ್ಟವೆಂಬುದು ನಿಜ. ಆದರೆ ಕಷ್ಟವೆಂದು ಬಿಟ್ಟುದನ್ನು, ಬಿಟ್ಟಿದ್ದೇವೆಂಬ ಅರಿವಿನೊಡನೆ ಬಿಡುವುದು ಬೇರೆ. ಅದು ಇತ್ತೆಂಬುದನ್ನೇ ಮರೆಯುವುದು ಬೇರೆ.

ಅವರ ಆಚರಣೆಗಳಲ್ಲಿ ನನ್ನ ಮನಸ್ಸಿಗೆ ಬಹಳ ಹಿಡಿಸಿದುದು ಪಾನೀಯದ ನಿಯಮವಲ್ಲ, ತಿಂಗಳ ಉಪವಾಸ. ಸಾಮಾನ್ಯವಾಗಿ ಪ್ರತಿ ತಿಂಗಳ ಮೊದಲ ಭಾನುವಾರ ಅವರು ಅನ್ನಪಾನಗಳೆರಡನ್ನೂ ಬಿಟ್ಟು ಎರಡು ಹೊತ್ತಿನ ಊಟವನ್ನು ತ್ಯಜಿಸುತ್ತಾರೆ. ಆ ಎರಡು ಊಟಗಳಿಗೆ ಆಗಬಹುದಾಗಿದ್ದ ವೆಚ್ಚವನ್ನು, ಶಕ್ತಿಯಿದ್ದವರು ಅದಕ್ಕಿಂತ ಹೆಚ್ಚನ್ನು, ಬಡವರ ನಿಧಿಗೆ ಕೊಡುತ್ತಾರೆ. ತನ್ನ ಬಟ್ಟಲಿನಿಂದ ಉಳಿದದ್ದು ಮತ್ತೊಬ್ಬರ ಬಟ್ಟಲನ್ನು ಸೇರುತ್ತದೆ. ಪ್ರೋಷಧೋಪವಾಸವೂ ಅತಿಥಿಸಂವಿಭಾಗವೂ ನಮ್ಮ ಶಿಕ್ಷಾವ್ರತಗಳಲ್ಲಿ ಅಕ್ಕಪಕ್ಕದಲ್ಲಿಯೇ ಇವೆ. ಆದರೂ ಉಪವಾಸದ ದಿನ ಉಳಿದ ಅಕ್ಕಿಬೇಳೆಯನ್ನು ಆಹಾರದಾನಕ್ಕೆಂದು ಅಂದೇ ಬೇರೆ ತೆಗೆದಿಡುವ ಮನೆಗಳು ಎಷ್ಟಿವೆ? ಪಾರಣೆಯ ದಿನದ ವಿಶೇಷ ಅಡಿಗೆಗೆ ಆಗುವ ವೆಚ್ಚವು ಉಪವಾಸದಲ್ಲಿ ಉಳಿದುದನ್ನು ಮೀರಿದರೆ, ನಾವು ಹಸಿವನ್ನು ಗೆದ್ದೆವೋ ಮುಂದೂಡಿದೆವೋ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಇನ್ನು ಆರಂಭದ ಪ್ರಶ್ನೆಗೆ ಬರೋಣ. ಉಪವಾಸದಲ್ಲಿ ತ್ಯಜಿಸಬೇಕಾದ ಚತುರ್ವಿಧಾಹಾರದಲ್ಲಿ ಪೇಯವೂ ಒಂದೆಂಬುದು ಆಚಾರ್ಯರ ಮತ. ರಾತ್ರಿಭುಕ್ತಿ ವಿರತಿಯಲ್ಲಿಯೂ ಪಾನಕ್ಕೆ ವಿನಾಯಿತಿಯಿಲ್ಲ. ಆದ್ದರಿಂದ ಚಹವೆಂದರೆ ನೀರು ತಾನೆ ಎಂಬ ಸಮಾಧಾನವು ನಿಲ್ಲುವುದಿಲ್ಲ. ಏಕಾಶನವೆಂದರೆ ಒಮ್ಮೆ ಕುಳಿತು ಉಣ್ಣುವುದು. ಕಾಫಿ ಬೇಕೇಬೇಕೆಂಬ ದೌರ್ಬಲ್ಯವಿದ್ದವರು ಅದನ್ನು ಆ ಒಂದು ಊಟದೊಳಗೇ ಮುಗಿಸಲಿ, ಇಲ್ಲವೆ ಅಷ್ಟು ಶಕ್ತಿ ಬರುವವರೆಗೆ ಕಿರಿದಾದ ನಿಯಮವನ್ನು ಹಿಡಿಯಲಿ. ಅಶಕ್ತಿಯನ್ನು ಒಪ್ಪಿಕೊಂಡು ಚಿಕ್ಕ ನಿಯಮ ಹಿಡಿಯುವವನು, ದೊಡ್ಡ ನಿಯಮ ಹಿಡಿದು ಸಂದು ಹುಡುಕುವವನಿಗಿಂತ ಶ್ರೇಷ್ಠ. ಒಬ್ಬನಲ್ಲಿ ದೌರ್ಬಲ್ಯ ಮಾತ್ರವಿದೆ. ಇನ್ನೊಬ್ಬನಲ್ಲಿ ಅದರೊಡನೆ ಮಾಯಾಶಲ್ಯವೂ ಸೇರಿದೆ.

ಧರ್ಮಬಂಧುಗಳಲ್ಲಿಯೂ ಭಗಿನಿಯರಲ್ಲಿಯೂ ನನ್ನ ವಿನಂತಿ ಇಷ್ಟೆ. ಬರುವ ಪರ್ವದಲ್ಲಿ ಪಾನೀಯವೊಂದನ್ನು ಬಿಡುವ ನಿಯಮವನ್ನು ತೆಗೆದುಕೊಳ್ಳುವವರು, ಅದರ ಹೊತ್ತಿಗೆ ಅದರ ಜಾಗದಲ್ಲಿ ಬೇರೇನನ್ನೂ ಇಡದಿರಲಿ. ಆ ಹೊತ್ತು ಬರಿದಾಗಿಯೇ ಇರಲಿ. ಆ ಬರಿದಾದ ಹತ್ತು ನಿಮಿಷಗಳಲ್ಲಿ ಮನಸ್ಸು ಏನೇನು ಕೇಳುತ್ತದೆ, ಯಾರ ಮೇಲೆ ಮುನಿಯುತ್ತದೆ ಎಂಬುದನ್ನು ಸುಮ್ಮನೆ ಕುಳಿತು ನೋಡಲಿ. ಸಾಧ್ಯವಾದರೆ ಒಂಬತ್ತು ಬಾರಿ ಣಮೋಕಾರ ಮಂತ್ರವನ್ನು ಜಪಿಸಲಿ. ನಾನು ನಾಲ್ಕನೆಯ ಅಷ್ಟಮಿಯಿಂದ ಹಾಗೆ ಮಾಡತೊಡಗಿದೆ. ತಲೆನೋವು ಮೊದಲಿನಂತೆಯೇ ಬಂದಿತು. ಆದರೆ ಅಂದು ಮನೆಯಲ್ಲಿ ಯಾರ ಮೇಲೂ ರೇಗಲಿಲ್ಲ. ನಿಯಮವು ಅಂದಿನಿಂದ ಆರಂಭವಾಯಿತೆಂದು ತಿಳಿದಿದ್ದೇನೆ.